ಎಲ್ಡನ್ ಫ್ರೇಕರನ ಹೆಂಡತಿ

ಮಾರ್ಸ್ಡನ್ ಪಾರ್ಕ್, ಸಿಡ್ನಿ
ಮಂಗಳವಾರ, ಆಗಸ್ಟ್ 12, 2025

ಪ್ರೀತಿಯ ಗಗನಾ,

ಕವರಿನ ಮೇಲೆ ನನ್ನ ಅಕ್ಷರ ನೋಡಿ ನೀನು ಮೊದಲು ನಕ್ಕಿರುತ್ತೀಯ. ವಾಟ್ಸಾಪ್ ಇರುವಾಗ ಇವಳಿಗೇನು ಬಂತು, ಮೆಲ್ಬರ್ನಿಗೆ ಕಾಗದ ಬರೆದು ಅಂಚೆಗೆ ಹಾಕಿದ್ದಾಳೆ ಅಂತ. ಕಾರಣ ಇದೆ. ಫೋನಿನಲ್ಲಿ ನಾನು ಬಹಳ ಚೆನ್ನಾಗಿ ಸುಳ್ಳು ಹೇಳುತ್ತೇನೆ ಎಂಬುದು ಈ ಐದು ತಿಂಗಳಲ್ಲಿ ನನಗೇ ಗೊತ್ತಾಗಿದೆ. ನೀನು ಹೇಗಿದೀಯೇ ಅನ್ನುವುದೇ ತಡ, ಬಾಯಿ ತಾನಾಗಿ ಸೂಪರ್ ಕಣೇ ಅಂದುಬಿಡುತ್ತದೆ. ಬರೆಯುವಾಗ ಹಾಗಲ್ಲ, ಸುಳ್ಳು ಬರುವ ಕಡೆ ಪೆನ್ನು ನಿಲ್ಲುತ್ತದೆ. ಇನ್ನೊಂದು ಕಾರಣವೂ ಇದೆ, ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಕೆಲಸದ ಮಾತು. ಇಪ್ಪತ್ತನಾಲ್ಕಕ್ಕೆ ನಿಮ್ಮ ಓದುಗರ ಬಳಗದಲ್ಲಿ ಎಲ್ಡನ್ ಫ್ರೇಕರನ ಬಗ್ಗೆ ಮಾತಾಡಲು ಒಪ್ಪಿಕೊಂಡಿದ್ದೆನಲ್ಲ, ಅದು ನನ್ನಿಂದ ಆಗುವುದಿಲ್ಲ. ಜೂಮ್ ಲಿಂಕ್, ನನ್ನ ಫೋಟೊ ಹಾಕಿದ ಪೋಸ್ಟರ್ ಎಲ್ಲ ಕಳಿಸಿದ್ದೀಯ. ಬೈದುಕೋ. ಸಿದ್ಧತೆ ಮಾಡಿರಲಿಲ್ಲ ಅಂದುಕೊಳ್ಳಬೇಡ. ಮೊದಲ ಪುಟ ಬರೆದೂ ಆಗಿತ್ತು, ಇಲ್ಲಿ ನಕಲು ಮಾಡುತ್ತೇನೆ:

“ಅಮೆರಿಕದ ಕ್ಯಾನ್ಸಸ್‌ನ ಸಣ್ಣ ಊರೊಂದರಲ್ಲಿ ಕ್ಷೌರಿಕನ ಮಗನಾಗಿ ಹುಟ್ಟಿದ ಎಲ್ಡನ್ ಫ್ರೇಕರ್ ಪಾದ್ರಿಯಾಗಲು ಹೋಗಿ ಎರಡೇ ವರ್ಷಕ್ಕೆ ಬಿಟ್ಟು ಬಂದ. ರೈಲ್ವೆ ಯಾರ್ಡಿನಲ್ಲಿ ಗೂಡ್ಸ್ ಬೋಗಿಗಳ ಮೇಲೆ ನಂಬರು ಬರೆಯುವ ಕೆಲಸ ಮಾಡಿದ. ಇಪ್ಪತ್ತಾರನೇ ವಯಸ್ಸಿಗೆ ಹಳೆಯದೊಂದು ಬ್ರೆಡ್ ವ್ಯಾನು ಕೊಂಡು, ಅದರ ಹಿಂಬಾಗಿಲು ಕಿತ್ತೆಸೆದು, ನಾಲ್ವರು ಗೆಳೆಯರೊಂದಿಗೆ ಹೊರಟ. ಆ ಅಲೆದಾಟವೇ ‘ಬಾಗಿಲಿಲ್ಲದ ಗಾಡಿ’ ಕಾದಂಬರಿಯಾಯಿತು. ಅರವತ್ತರ ದಶಕದಲ್ಲಿ ಮನೆ, ಕಾಲೇಜು, ಸೇನೆಯ ಕರೆ ಎಲ್ಲವನ್ನೂ ಧಿಕ್ಕರಿಸಿ ಬೀದಿಗಿಳಿದ ಹುಡುಗ ಹುಡುಗಿಯರ ಚೀಲದಲ್ಲಿ ಈ ಪುಸ್ತಕ ಇರುತ್ತಿತ್ತು.”

ಇಲ್ಲಿಗೆ ನಿಂತಿತು. ಮುಂದಿನ ಪುಟದಲ್ಲಿ ಅವನ ಸಂಸಾರ ಬರಬೇಕಿತ್ತು.

ಮೈಸೂರಿನ ಗಂಗೋತ್ರಿಯಲ್ಲಿ ನಾವಿಬ್ಬರೂ ಅವನ ಮೇಲೆಯೇ ಎಂ.ಎ. ಪ್ರಬಂಧ ಬರೆದವರು. ನೀನು ಮೊದಲ ಕಾದಂಬರಿ, ನಾನು ಎರಡನೆಯದು, ‘ತೆಳುನೀರು’. ವೈವಾ ದಿನ ಚನ್ನಬಸಯ್ಯ ಸರ್ ಕನ್ನಡಕ ಹಣೆಗೇರಿಸಿ, ಎಲ್ಲಾ ಸರಿನಮ್ಮ, ಈ ಹೀರೋ ಗಾಡಿ ಹತ್ತಿ ಹೋದ್ಮೇಲೆ ಮನೇಲಿ ಪಾತ್ರೆ ಯಾರು ತೊಳೆದ್ರು, ಅದನ್ನ ಬರೆದಿದೀರಾ ಅಂತ ಕೇಳಿದ್ದರು. ಹೊರಗೆ ಬಂದು ಕ್ಯಾಂಟೀನಿನಲ್ಲಿ ಎಷ್ಟು ನಕ್ಕೆವು! ಮುದುಕರಿಗೆ ಸ್ವಾತಂತ್ರ್ಯ ಅಂದರೆ ಏನು ಗೊತ್ತು ಕಣೇ ಅಂದಿದ್ದೆ ನಾನು. ಈಗ ಮಗಳು ಇಂಚರಳಿಗೆ ಹಾಲು ಕುಡಿಸುತ್ತ ಒಂದೇ ಕೈಯಲ್ಲಿ ‘ಬಾಗಿಲಿಲ್ಲದ ಗಾಡಿ’ ಹಿಡಿದು ಮತ್ತೆ ಓದಿದೆ. ನಾನೂರ ಹನ್ನೆರಡು ಪುಟಗಳಲ್ಲಿ ನಾಯಕನ ಹೆಂಡತಿ ಏಳು ಸಲ ಬಾಯಿ ಬಿಡುತ್ತಾಳೆ. ಐದು ಸಲ ಅವಳು ಕೇಳುವುದು ಒಂದೇ, ಯಾವಾಗ ಬರುತ್ತೀ ಅಂತ. ಆದರೂ ಮೊದಲ ನಲವತ್ತು ಪುಟ ಈಗಲೂ ನನ್ನನ್ನು ಎತ್ತಿಕೊಂಡು ಹೋಗುತ್ತವೆ, ಅದನ್ನು ಅಲ್ಲಗಳೆಯಲಾರೆ.

ಗಗನಾ, ಅವನ ನಿಜವಾದ ಹೆಂಡತಿಯ ಹೆಸರು ಮರ್ನಾ. ಜೀವನಚರಿತ್ರೆಯಲ್ಲಿ ಅವಳಿಗೆ ಸಿಕ್ಕಿರುವುದು ಎರಡು ಸಾಲು. ಆ ಚಳಿಗಾಲ ಮರ್ನಾಳ ಆರೋಗ್ಯ ಸರಿಯಿರಲಿಲ್ಲ. ಅಕ್ಟೋಬರಿನಲ್ಲಿ ಕಾಲುವೆಯಲ್ಲಿ ಆಕಸ್ಮಿಕವಾಗಿ ತೀರಿಕೊಂಡಳು. ನಾವಿಬ್ಬರೂ ಅಂದು ಆ ಪುಟ ಓದಿಯೇ ಮುಂದೆ ಹೋದವರು. ಈಗ ಅವರ ಮಗಳು, ತಾಯಿ ಸತ್ತಾಗ ಹನ್ನೊಂದು ತಿಂಗಳ ಕೂಸು, ಮನೆಯಲ್ಲಿದ್ದ ಕಾಗದಗಳನ್ನೆಲ್ಲ ಅಲ್ಲಿಯ ವಿಶ್ವವಿದ್ಯಾಲಯವೊಂದಕ್ಕೆ ಕೊಟ್ಟಿದ್ದಾಳೆ. ಅವರು ಸ್ಕ್ಯಾನ್ ಮಾಡಿ ಇಂಟರ್ನೆಟ್ಟಿಗೆ ಹಾಕಿದ್ದಾರೆ. ಮೂರು ವಾರದ ಹಿಂದೆ ಭಾಷಣಕ್ಕೆಂದು ಹುಡುಕುವಾಗ ಸಿಕ್ಕವು.

ಮರ್ನಾ ತನ್ನ ಅಕ್ಕನಿಗೆ ಬರೆದ ಒಂದು ಪತ್ರ ಇದೆ. ಮಗುವಿಗೆ ಮೂರು ತಿಂಗಳು. ಗಂಡ ಗಾಡಿಯಲ್ಲಿ ಎಲ್ಲೋ. ಅವನ ಕಾದಂಬರಿಯ ಎರಡನೇ ಪ್ರತಿಯನ್ನು ಇವಳೇ ಟೈಪ್ ಮಾಡುತ್ತಿದ್ದಾಳೆ. ಅವಳು ಬರೆದದ್ದರ ಅರ್ಥ ಇಷ್ಟು: ಇವತ್ತು ಮಗುವನ್ನು ಜಗುಲಿಯಲ್ಲಿ ಮಲಗಿಸಿ ಹೊಲದ ತುದಿಯ ತನಕ ನಡೆದೆ. ಅಳು ಕೇಳಿಸದಷ್ಟು ದೂರ. ಅಲ್ಲಿ ನಿಂತಾಗ ತುಂಬ ಹಾಯೆನಿಸಿತು, ಅದಕ್ಕೇ ನನಗೆ ಭಯ.

ಅಕ್ಕನ ಉತ್ತರವೂ ಇದೆ. ಡಾಕ್ಟರ ಹತ್ತಿರ ಇದೆಲ್ಲ ಬಾಯಿ ಬಿಡಬೇಡ. ಇಂಥ ಮಾತಾಡಿದವರ ಕೈಯಿಂದ ಮಗು ಕಿತ್ತುಕೊಳ್ಳುತ್ತಾರೆ. ತಲೆಗೆ ಸ್ನಾನ ಮಾಡಿ ಚರ್ಚಿಗೆ ಹೋಗು, ಎಲ್ಲ ಸರಿಹೋಗುತ್ತದೆ.

ಮರ್ನಾ ಬಾಯಿ ಬಿಡಲಿಲ್ಲ. ಅಕ್ಟೋಬರಿನಲ್ಲಿ ಕಾಲುವೆಯ ದಂಡೆಯ ಮೇಲೆ ಮಗು ಸಿಕ್ಕಿತು, ಫ್ರೇಕರನ ಹಳೆಯ ಕೋಟಿನಲ್ಲಿ ಸುತ್ತಿಟ್ಟ ಹಾಗೆ, ಒಂದು ಹನಿಯೂ ತಾಗದೆ. ಅವಳು ಎರಡು ಮೈಲಿ ಕೆಳಗೆ ಸಿಕ್ಕಳು. ಅವನು ಒಂಬೈನೂರು ಮೈಲಿ ದೂರದಲ್ಲಿದ್ದ. ಆಮೇಲೆ ಅವನು ಗಾಂಜಾ ಕೇಸಿನಲ್ಲಿ ನಾಲ್ಕು ತಿಂಗಳು ಜೈಲು, ನ್ಯೂ ಮೆಕ್ಸಿಕೋದ ಹಿಪ್ಪಿಗಳ ಕಮ್ಯೂನ್, ಮುಗಿಸಲಾಗದ ಮೂರನೇ ಕಾದಂಬರಿ, ಕೊನೆಗೆ ಜೇನು ಸಾಕಣೆ ಎಂದು ಇನ್ನೂ ಇಪ್ಪತ್ತೇಳು ವರ್ಷ ಬದುಕಿದ. ಕೊನೆಯ ವರ್ಷಗಳ ಸಂದರ್ಶನವೊಂದರಲ್ಲಿ, ನಾನು ಮನೆಯಲ್ಲಿದ್ದರೂ ಅದು ಆಗಿಯೇ ಆಗುತ್ತಿತ್ತು ಅಂದಿದ್ದಾನೆ. ‘ತೆಳುನೀರಿ’ನಲ್ಲಿ ಹೆಂಗಸೊಬ್ಬಳು ನದಿಗಿಳಿಯುವ ಪುಟ ನೆನಪಿದೆಯಾ? ಅವಳು ನಮ್ಮೆಲ್ಲರಿಗಿಂತ ಹಗುರ, ಅದಕ್ಕೇ ನೀರು ಅವಳನ್ನು ಆರಿಸಿಕೊಂಡಿತು ಎನ್ನುವ ಪುಟ? ನನ್ನ ಪ್ರಬಂಧದಲ್ಲಿ ಅದನ್ನು ಪೂರ್ತಿ ಎತ್ತಿ ಬರೆದು, ಇದು ಈ ಕಾದಂಬರಿಯ ಅತ್ಯಂತ ಸುಂದರ ಗದ್ಯ ಅಂದಿದ್ದೆ. ಅದಕ್ಕೆ ಒಳ್ಳೆಯ ಅಂಕವೂ ಬಂತು.

ಈಗ ನನ್ನ ವಿಷಯ.

ನಮ್ಮ ಮನೆಗೆ ಮಹಡಿ ಇದೆಯಲ್ಲ, ಮಗುವನ್ನೆತ್ತಿಕೊಂಡು ಮೆಟ್ಟಿಲಿಳಿಯುವಾಗಲೆಲ್ಲ ಅವಳು ನನ್ನ ಕೈಯಿಂದ ಜಾರಿ ಬೀಳುವುದು ನನಗೆ ಕಾಣುತ್ತದೆ. ಹೆದರಿಕೆಯಿಂದ ಊಹಿಸುವುದಲ್ಲ ಗಗನಾ, ಕಾಣುತ್ತದೆ, ಶಬ್ದದ ಸಮೇತ. ಹಾಗಾಗಿ ಕೂತುಕೊಂಡು ಒಂದೊಂದೇ ಮೆಟ್ಟಿಲು ಜಾರುತ್ತ ಇಳಿಯುತ್ತೇನೆ. ಅಡುಗೆಮನೆಯ ಚಾಕುಗಳನ್ನೆಲ್ಲ ಗ್ಯಾರೇಜಿನ ಶೆಲ್ಫಿಗೆ ಸೇರಿಸಿದ್ದೇನೆ. ಹೆಚ್ಚಿದ ಫ್ರೋಜನ್ ತರಕಾರಿ ತರುತ್ತೇನೆ. ಎರಡು ವಾರ ಹುಳಿಯಲ್ಲಿ ಬಟಾಣಿ, ಕ್ಯಾರೆಟ್ಟು, ಜೋಳವೇ ಬಂದದ್ದು ನೋಡಿ ಗಂಡರಾಯ ಸುದರ್ಶನ್, ಇದೇನೇ ಹುಳಿನಾ, ಫ್ರೈಡ್ ರೈಸಿಗೆ ನೀರ್ ಹಾಕಿದೀಯಾ ಅಂದ. ನಕ್ಕೆ. ನಿದ್ದೆ ಮಾಡೇ, ನಾನ್ ನೋಡ್ಕೋತೀನಿ ಅಂತ ದಿನಾ ಹೇಳುತ್ತಾನೆ. ಮಲಗುತ್ತೇನೆ, ನಿದ್ದೆ ಬರುವುದಿಲ್ಲ. ಅವನು ನೋಡಿಕೊಳ್ಳುವಾಗ ಅವಳು ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಗೋಡೆಯಾಚೆಯಿಂದ ಕಿವಿಗೊಟ್ಟಿರುತ್ತೇನೆ. ಅವನ ಪ್ರಕಾರ ತಪ್ಪೆಲ್ಲ ಫ್ರೇಕರನದು. ಆ ಹಿಪ್ಪಿ ಮುದುಕನ್ನ ಸ್ವಲ್ಪ ದಿನ ಮನೆಯಿಂದ ಆಚೆ ಕಳ್ಸೇ ಅನ್ನುತ್ತಾನೆ.

ಅತ್ತೆ ಭಾಗೀರಥಮ್ಮ ಇದ್ದಷ್ಟು ದಿನ ಎಣ್ಣೆ, ಸ್ನಾನ, ಸಾಂಬ್ರಾಣಿ ಎಂದು ದಿನ ಸಾಗುತ್ತಿತ್ತು. ಅವರ ವಿಸಿಟರ್ ವೀಸಾ ಮುಗಿದು ಜೂನಿನಲ್ಲಿ ಮೈಸೂರಿಗೆ ಹೋದರು. ಕ್ವೇಕರ್ಸ್ ಹಿಲ್ಲಿನಿಂದ ವಾಸಂತಿ ಆಂಟಿ, ಸುದರ್ಶನನ ದೂರದ ಸಂಬಂಧ, ವಾರಕ್ಕೊಮ್ಮೆ ಸಾರು ತರುತ್ತಾರೆ. ನನ್ನ ಮುಖ ನೋಡಿ, ದೃಷ್ಟಿ ಆಗಿದೆ ಕಣಮ್ಮ ಅಂತ ನಮ್ಮಿಬ್ಬರಿಗೂ ಒಣಮೆಣಸಿನಕಾಯಿ ನಿವಾಳಿಸಿ ಬಾಣಲೆಗೆ ಹಾಕಿದರು. ಸ್ಮೋಕ್ ಅಲಾರ್ಮ್ ಹೊಡೆದುಕೊಂಡಿತು, ಮಗು ಕಿರುಚಿತು, ಪಕ್ಕದ ಮನೆಯವನು ಬೇಲಿಯ ಮೇಲಿಂದ ಇಣುಕಿದ. ಆಂಟಿ ಸೆರಗಿನಿಂದ ಹೊಗೆ ಬೀಸುತ್ತ, ನೋಡ್ದಾ ಎಷ್ಟಿತ್ತು ದೃಷ್ಟಿ, ಗೋಡೆನೂ ಕಿರುಚ್ಕೊಂಡ್ತು ಅಂದರು. ನಾನು ಎಷ್ಟೋ ದಿನಗಳ ಮೇಲೆ ನಿಜವಾಗಿ ನಕ್ಕೆ. ಆಮೇಲೆ ಆ ನಗು ನಿಲ್ಲಲಿಲ್ಲ, ಅಳುವಿಗೆ ತಿರುಗಿತು. ಆಂಟಿ ಸಾರಿನ ಡಬ್ಬ ಫ್ರಿಜ್ಜಿಗಿಟ್ಟು ಹೋದರು.

ನರ್ಸ್ ಹೆಲೆನ್ ಆರನೇ ವಾರದಲ್ಲಿ ಮನೆಗೆ ಬಂದಿದ್ದರಲ್ಲ, ಬಾಣಂತಿಯ ಮನಸ್ಸು ಹೇಗಿದೆ ಎಂದು ನೋಡುವ ಆ ಹತ್ತು ಪ್ರಶ್ನೆಗಳ ಫಾರಂ ನಿನಗೆ ನೆನಪಿರಬೇಕು. ಹಿಂದಿನ ಏಳು ದಿನ ನಗಲು ಸಾಧ್ಯವಾಯಿತೇ, ಕಾರಣವಿಲ್ಲದೆ ಹೆದರಿಕೆಯಾಯಿತೇ, ಕೊನೆಗೆ ನಿಮಗೆ ನೀವೇ ಏನಾದರೂ ಮಾಡಿಕೊಳ್ಳಬೇಕೆನಿಸಿತೇ. ಹೆಲೆನ್ ಇಂಚರಳನ್ನು ತೂಗುತ್ತಿದ್ದಾಗ ನಾನು ಬಾತ್‌ರೂಮಿಗೆ ಹೋಗಿ ಅದರ ಫೋಟೊ ತೆಗೆದು ನಿನಗೆ ಕಳಿಸಿದೆ. ಎರಡೇ ನಿಮಿಷಕ್ಕೆ ನಿನ್ನ ಉತ್ತರ ಬಂತು. ಪಿಆರ್ ಫೈಲ್ ಇಮಿಗ್ರೇಶನ್ನವರ ಹತ್ರ ಇದೆ ಕಣೇ, ಏನಾದ್ರೂ ರೆಕಾರ್ಡ್ ಆದ್ರೆ ಮೆಡಿಕಲ್ ಮತ್ತೆ ಕೇಳ್ತಾರೆ, ಮಗೂನೂ ಕರ್ಕೊಂಡೋಗ್ತಾರೆ, ಎಲ್ಲಾದಕ್ಕೂ ಸೊನ್ನೆ ಹಾಕು ಅಂದೆ. ಮತ್ತೊಂದು ಮೆಸೇಜು: ಎಲ್ಲಾ ಸೊನ್ನೆ ಆದ್ರೆ ಡೌಟ್ ಬರತ್ತೆ, ಅಳುಬುರುಕು ಪ್ರಶ್ನೆ ಒಂದಕ್ಕೆ ‘ಒಂದು’ ಹಾಕ್ಬಿಡು. ಪರೀಕ್ಷೆಗೆ ಕೂತವರ ಹಾಗೆ ಇಬ್ಬರೂ ಸೇರಿ ಬರೆದೆವು. ಮೊದಲ ರ್‍ಯಾಂಕು ನಿನ್ನದು, ಎರಡನೆಯದು ನನ್ನದು, ಪ್ರಶ್ನೆಪತ್ರಿಕೆ ಕಂಡರೆ ನಮಗೆ ಗೆಲ್ಲುವುದು ಬಿಟ್ಟು ಬೇರೇನೂ ಗೊತ್ತಿಲ್ಲ. ಹೆಲೆನ್ ಅಂಕ ಕೂಡಿ, ನೀವು ಬಹಳ ಚೆನ್ನಾಗಿ ನಿಭಾಯಿಸುತ್ತಿದ್ದೀರಿ ಅಂದರು. ನಿನಗೆ ಥಂಬ್ಸ್ ಅಪ್ ಕಳಿಸಿದೆ.

ನಿನ್ನನ್ನು ದೂರುತ್ತಿಲ್ಲ. ಇಲ್ಲಿ ಎಲ್ಲರೂ ಎಲ್ಲರಿಗೂ ಕೊಡುವ ಬುದ್ಧಿವಾದ ಇದೇ. ಆದರೆ ಮರ್ನಾಳ ಅಕ್ಕನ ಕಾಗದ ಓದಿದಾಗ ಅದರಲ್ಲಿ ನಿನ್ನ ದನಿ ಕೇಳಿಸಿತು. ಅವಳೂ ತಂಗಿಯ ಮೇಲಿನ ಪ್ರೀತಿಯಿಂದಲೇ ಬರೆದದ್ದು.

ಕಳೆದ ಬುಧವಾರ, ಸುದರ್ಶನ್ ಆಫೀಸಿಗೆ ಹೋದ ಮೇಲೆ, ಇಂಚರಳನ್ನು ಕಾರ್ ಸೀಟಿನಲ್ಲಿ ಕೂರಿಸಿ ಹೊರಟೆ. ಪಕ್ಕದ ಬಡಾವಣೆ ದಿ ಪಾಂಡ್ಸ್‌ನ ಕೆರೆಯ ಸುತ್ತ ಒಂದು ಸುತ್ತು ಅವಳ ತಳ್ಳುಗಾಡಿ ಓಡಿಸಿ ಬರೋಣ ಅಂತ. ಕೆರೆಯ ಹತ್ತಿರ ಕಾರು ನಿಲ್ಲಲಿಲ್ಲ. ನಿಲ್ಲಿಸಲಿಲ್ಲ ಅಂತ ಬರೆಯಬೇಕು. ಮೋಟರ್‌ವೇ ಹತ್ತಿದೆ, ಆಮೇಲೆ ನಿಮ್ಮ ಮೆಲ್ಬರ್ನಿನ ಕಡೆ ಹೋಗುವ ಹ್ಯೂಮ್ ಹೈವೇ. ಮಿಟಗಾಂಗ್ ತನಕ ಅವಳು ಅತ್ತಳು, ಆಮೇಲೆ ಮಲಗಿದಳು. ಎರಡೂ ಬದಿ ಬಿಳಿಚಿದ ಚಳಿಗಾಲದ ಹುಲ್ಲು, ದಾರಿ ನೇರ. ಫ್ರೇಕರನ ಮೊದಲ ನಲವತ್ತು ಪುಟಗಳ ಹಾಗೆಯೇ ಇತ್ತು ಗಗನಾ. ಒಂದು ಗಂಟೆ ನನಗೆ ಹೆಸರಿರಲಿಲ್ಲ.

ಮನೆಯಿಂದ ಎರಡು ಗಂಟೆ ದೂರದ ಗೋಲ್ಬರ್ನಿನ ಪೆಟ್ರೋಲ್ ಬಂಕಿನಲ್ಲಿ ಪೆಟ್ರೋಲ್ ಹಾಕಿಸಿ, ಕಾರನ್ನು ಪಕ್ಕಕ್ಕೆ ನಿಲ್ಲಿಸಿ, ಲಾಕ್ ಮಾಡಿ, ಒಳಗೆ ಹೋಗಿ ಕಾಫಿ ತೆಗೆದುಕೊಂಡು ಗಾಜಿನ ಪಕ್ಕದ ಮೇಜಿಗೆ ಕೂತೆ. ಕಾಫಿ ಬಿಲ್ಲಿನ ಮೇಲೆ ಹನ್ನೊಂದು ನಲವತ್ತೆರಡು ಅಂತಿದೆ. ಸುದರ್ಶನನ ಫೋನು ಬಂದದ್ದು ಹನ್ನೊಂದು ಐವತ್ತಾರಕ್ಕೆ. ನಡುವಿನ ಹದಿನಾಲ್ಕು ನಿಮಿಷ ಮಗು ಕಾರಿನಲ್ಲಿರುವುದನ್ನು ನಾನು ಮರೆತಿದ್ದೆ. ಎಲ್ಲಿದೀಯೇ ಅಂತ ಅವನು ಕೇಳಿದ, ಶಾಪಿಂಗ್ ಸೆಂಟರಿನಲ್ಲಿ ಅಂದೆ. ಪುಟ್ಟಿ ಏನ್ಮಾಡ್ತಿದಾಳೆ ಅಂದ. ಆಗ ಹೊರಗೆ ನೋಡಿದೆ. ಟೋಪಿ ಹಾಕಿದ ಒಬ್ಬ ಮುದುಕ ನಮ್ಮ ಕಾರಿನ ಕಿಟಕಿಗೆ ಎರಡೂ ಕೈ ಅಡ್ಡ ಹಿಡಿದು ಒಳಗೆ ನೋಡುತ್ತಿದ್ದ.

ಓಡಿದೆ. ಅವಳ ಮುಖ ಕೆಂಪಾಗಿ, ಬಾಯಿ ತೆರೆದು, ಅತ್ತೂ ಅತ್ತೂ ದನಿಯೇ ಇರಲಿಲ್ಲ. ಈ ಪುಟಾಣಿ ನಿಮ್ಮದಾ ಅಂತ ಕೇಳಿದ ಆತ. ಹೌದು ಅನ್ನಲು ನನಗೆ ಸ್ವಲ್ಪ ಹೊತ್ತು ಬೇಕಾಯಿತು. ಅವನು ನನ್ನನ್ನು ನೋಡಿದ, ನಂಬರ್ ಪ್ಲೇಟಿನ ಕಡೆ ನೋಡಿದ, ತನ್ನ ಗಾಡಿಯ ಹತ್ತಿರ ಹೋಗಿ ನಿಂತ. ನಾನು ಅವಳಿಗೆ ಹಾಲು ಕುಡಿಸಿ ಹೊರಡುವವರೆಗೂ ಅಲ್ಲೇ ನಿಂತಿದ್ದ.

ಆಮೇಲಿಂದ ಬೀದಿಯಲ್ಲಿ ಬಿಳಿ ಕಾರು ನಿಧಾನವಾದರೆ ಪೊಲೀಸರೇ ಅಂದುಕೊಂಡು ಪರದೆ ಎಳೆಯುತ್ತೇನೆ. ನಿನ್ನೆ ಪಾರ್ಸೆಲ್‌ನವನು ಬೆಲ್ ಮಾಡಿದಾಗ ಮಗುವನ್ನೆತ್ತಿಕೊಂಡು ಬಟ್ಟೆಯ ಕಪಾಟಿನೊಳಗೆ ಕೂತಿದ್ದೆ. ಪೊಲೀಸರು ಬಂದರೆ ಎಂಬ ಭಯ ಒಂದು. ಬರದಿದ್ದರೆ ಎಂಬುದು ಇನ್ನೊಂದು. ಯಾರೂ ಬಾರದೆ, ಯಾರಿಗೂ ಗೊತ್ತಾಗದೆ, ಮುಂದಿನ ಬುಧವಾರ ನಾನೂ ಅವಳೂ ಇಬ್ಬರೇ ಈ ಮನೆಯಲ್ಲಿ ಉಳಿದರೆ?

ಇಂಚರಳ ತೂಕ ಸಾಕಷ್ಟು ಏರಿಲ್ಲವೆಂದು ಹೆಲೆನ್ ಗುರುವಾರ ಮತ್ತೆ ಬರುತ್ತಾರೆ. ಆ ಫಾರಂ ಇನ್ನೊಮ್ಮೆ ತುಂಬಬೇಕಂತೆ. ಏನು ಬರೆಯಲಿ ಅಂತ ಕೇಳಲು ನಾಲ್ಕು ಸಲ ನಿನ್ನ ಚಾಟ್ ತೆರೆದೆ. ಫೋನು ಬಿಟ್ಟು ಕಾಗದ ಹಿಡಿದದ್ದಕ್ಕೆ ಇದೇ ಎರಡನೆಯ ಕಾರಣ. ಇದು ನಿನ್ನನ್ನು ತಲುಪುವ ಹೊತ್ತಿಗೆ ಗುರುವಾರ ಮುಗಿದಿರುತ್ತದೆ. ನಿನ್ನ ಉತ್ತರ ಮೊದಲೇ ಸಿಕ್ಕರೆ ನಾನು ಅದನ್ನೇ ಬರೆಯುತ್ತೇನೆ, ನಿನ್ನ ಉತ್ತರಗಳು ಯಾವತ್ತೂ ಸರಿಯಾಗಿರುತ್ತಿದ್ದವು. ಈ ಸಲ ನನಗೆ ಫೇಲಾಗಬೇಕು ಕಣೇ. ಹೇಗೆ ಆಗುವುದೆಂದು ತಿಳಿಯುತ್ತಿಲ್ಲ. ಸುದರ್ಶನನ ಪಿಆರ್, ಇಲ್ಲೇ ಕಾಯಂ ಉಳಿಯುವ ಆಸೆ, ಎಂಟು ವರ್ಷ ಅವನು ಬೇರೆಯವರ ಶಿಫ್ಟ್‌ಗಳನ್ನೂ ಮಾಡಿ ಕೂಡಿಸಿದ ಪಾಯಿಂಟುಗಳು, ಎಲ್ಲ ನನ್ನ ಒಂದು ಟಿಕ್ಕಿನಿಂದ ಹೋದರೆ? ಅವಳನ್ನು ನಿಜವಾಗಿಯೂ ಕರೆದುಕೊಂಡು ಹೋದರೆ? ಅಕ್ಷರ ಕೆಟ್ಟಿದ್ದರೆ ಕ್ಷಮಿಸು.

ಅವಳು ಎದ್ದಳು. ಮಂಚದಿಂದಲೇ ನನ್ನನ್ನು ನೋಡುತ್ತಿದ್ದಾಳೆ, ಅಳುತ್ತಿಲ್ಲ. ಅಳದೆ ನೋಡುವಾಗ ನನಗೆ ಇನ್ನೂ ಹೆದರಿಕೆ.

ನೀನು ಬೈದರೂ ನಿನ್ನವಳೇ,
ಪ್ರಣತಿ

ಮ.ಮಾ.: ಗುರುವಾರ, ಸಂಜೆ ಐದು. ಅಂಟಿಸಿದ್ದ ಕವರನ್ನು ಹರಿದು ಇದನ್ನು ಸೇರಿಸುತ್ತಿದ್ದೇನೆ. ಮೇಲೆ ಒಂದು ಸುಳ್ಳಿದೆ. ಪೆನ್ನು ಅಲ್ಲಿ ನಿಂತಿತ್ತು, ನಾನೇ ತಳ್ಳಿದೆ. ಗೋಲ್ಬರ್ನಿನಲ್ಲಿ ಮಗುವನ್ನು ನಾನು ಮರೆತಿರಲಿಲ್ಲ. ಕಾರು ಕಾಣುವ ಮೇಜನ್ನೇ ಆರಿಸಿ ಕೂತಿದ್ದೆ. ಹದಿನಾಲ್ಕು ನಿಮಿಷವೂ ಅದನ್ನೇ ನೋಡುತ್ತ, ಯಾರಾದರೂ ಒಳ್ಳೆಯವರು ಬಂದು ಅವಳನ್ನು ಕರೆದುಕೊಂಡು ಹೋಗಲಿ ಅಂತ ಕಾಯುತ್ತಿದ್ದೆ. ಮುದುಕ ಬಂದಾಗ ಮೊದಲು ಅನಿಸಿದ್ದು ಅಂತೂ ಬಂದರು ಅಂತ. ಓಡಿದ್ದು ಆಮೇಲೆ. ಇದನ್ನು ಇವತ್ತು ಹೆಲೆನ್‌ಗೆ ಹೀಗೆಯೇ ಹೇಳಿದೆ. ಅವರು ಫಾರಂ ಮಡಚಿಟ್ಟು, ಮನೆಯಲ್ಲಿ ಈಗ ನಿಮ್ಮ ಜೊತೆ ಯಾರಿದ್ದಾರೆ ಅಂತ ಮೊದಲು ಕೇಳಿದರು, ಸುದರ್ಶನನಿಗೆ ತಾವೇ ಫೋನ್ ಮಾಡಿದರು, ಅವನು ಬರುವ ತನಕ ನನ್ನ ಪಕ್ಕದಲ್ಲೇ ಕೂತಿದ್ದರು. ವೀಸಾ ಅಂದೆ. ಅದು ನನಗೆ ಗೊತ್ತಿಲ್ಲ, ಗೊತ್ತಿರುವವರನ್ನು ಕೇಳೋಣ, ಆದರೆ ಅದು ಇವತ್ತಿನ ಕೆಲಸವಲ್ಲ ಅಂದರು. ನಾಳೆ ಹತ್ತು ಗಂಟೆಗೆ ಆಸ್ಪತ್ರೆಯಲ್ಲಿ ತಾಯಿ ಮಗು ಒಟ್ಟಿಗೆ ಇರುವ ವಾರ್ಡಿಗೆ ನಮ್ಮಿಬ್ಬರನ್ನೂ ಸೇರಿಸುತ್ತಾರೆ, ಎಷ್ಟು ದಿನವೋ ತಿಳಿಯದು. ನೀನು ಬಾ. ಬಂದು ಏನೂ ಹೇಳಬೇಡ, ಸುಮ್ಮನೆ ಬಾ. ಭಯ ಹಾಗೇ ಇದೆ ಗಗನಾ, ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಸುದರ್ಶನ್ ಎಲ್ಲ ಕೇಳಿಸಿಕೊಂಡ, ಈಗ ಇಂಚರಳನ್ನು ಎದೆಯ ಮೇಲೆ ಮಲಗಿಸಿಕೊಂಡು ಸೋಫಾದಲ್ಲಿ ಕೂತಿದ್ದಾನೆ. ಕಾರಿನ ಎರಡೂ ಕೀಲಿಗಳು ಅವನ ಜೇಬಿನಲ್ಲಿವೆ. ಅವನು ಕೇಳಿರಲಿಲ್ಲ, ನಾನೇ ಕೊಟ್ಟೆ.